ಕೌದಿಯ ಹೊಟ್ಟೆಗಿಟ್ಟ ಹೋಳಿಗೆ

ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಅಕ್ಕನ ಅಂಗಾಲು. ಮೂರನೇ ಮಹಡಿಯ ಮೇಲಿನ ತಾರಸಿ, ಸೊಂಟದೆತ್ತರದ ಮೋಟುಗೋಡೆ, ಅದರ ಮೇಲೆ ಹೊಟ್ಟೆ ಕೊಟ್ಟು ಬಿದ್ದಿರುವ ಅಕ್ಕ, ನೆಲ ಬಿಟ್ಟು ಗಾಳಿಯಲ್ಲಿ ಆಡುತ್ತಿರುವ ಎರಡು ಅಂಗಾಲು. ಒಂದರಲ್ಲಿ ಹವಾಯಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಆಮೇಲೆ ಕಾಣುವುದು ಕೋತಿಯ ಮುಖ. ಅದಕ್ಕೆ ಯಾವ ಗಾಬರಿಯೂ ಇರಲಿಲ್ಲ.

ಇದಾಗಿ ನಾಲ್ಕು ತಿಂಗಳು ಕಳೆದಿದೆ. ಈಗಲೂ ಕುಕ್ಕರ್ ಕೂಗಿದರೆ ನಾನು ಪಕ್ಕದಲ್ಲಿರುವವರ ಸೊಂಟ ಹಿಡಿದುಕೊಂಡುಬಿಡುತ್ತೇನೆ. ನಮ್ಮ ಮನೆಯಲ್ಲಿ ಬೇಳೆ ಬೇಯುವಾಗ ನನ್ನ ಹತ್ತಿರ ಯಾರೂ ನಿಲ್ಲುವುದಿಲ್ಲ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ವಸಂತಪುರದ ನಮ್ಮ ಕಟ್ಟಡದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯವಳು. ಮೂರನೆಯದರಲ್ಲಿ ನಾನು, ನನ್ನ ಗಂಡ. ಗದಗಿನ ಕಡೆಯ ಕ್ರೈಸ್ತ ಮನೆತನ ಅವರದು; ಅಕ್ಕ ಮತ್ತು ಅವಳ ತಾಯಿ, ಇಬ್ಬರೇ. ತಾಯಿಯನ್ನು ಅಕ್ಕ ಅವ್ವ ಎಂದು ಕರೆಯುತ್ತಿದ್ದುದರಿಂದ ಇಡೀ ಕಟ್ಟಡ ಹಾಗೆಯೇ ಕರೆಯುತ್ತಿತ್ತು. ಅಕ್ಕನಿಗೆ ನಲವತ್ತು ದಾಟಿತ್ತು. ಜೆ.ಪಿ. ನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೂತು ದಿನವಿಡೀ ಟೋಕನ್ ನಂಬರು ಕೂಗುವುದು ಅವಳ ಕೆಲಸ. ಮನೆಗೆ ಬಂದ ಮೇಲೆ ಕೌದಿ ಹೊಲಿಯುವುದು ಅವಳ ಜೀವನ.

ಕೌದಿ ಎಂದರೆ ಹಳೆ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೂ ಒತ್ತೊತ್ತಾಗಿ ಕೈಹೊಲಿಗೆ ಹಾಕಿ ಮಾಡುವ ಹೊದಿಕೆ. ಅವರ ಮನೆಯಲ್ಲಿ ಅದಕ್ಕೊಂದು ಪದ್ಧತಿಯಿತ್ತು. ಕೊನೆಯ ಮೂಲೆಯನ್ನು ಮುಚ್ಚುವ ಮುಂಚೆ ಒಳಗೆ ಒಂದು ತುತ್ತು ತಿನ್ನುವ ವಸ್ತು ಇಡಬೇಕು, ಕೌದಿಯ ಹೊಟ್ಟೆ ಖಾಲಿ ಇರಬಾರದು. ಈ ಪದ್ಧತಿಯೇ ನಮ್ಮನ್ನು ಮೋಟುಗೋಡೆಯವರೆಗೆ ಕರೆದೊಯ್ದದ್ದು.

ಆಗ ಅಕ್ಕ ಹೊಲಿಯುತ್ತಿದ್ದದ್ದು ತನ್ನ ಮುತ್ತಜ್ಜಿಯ ಪ್ರೇಮಕಥೆ. ಬಟ್ಟೆ ಚೂರುಗಳಲ್ಲಿ ಗೊಂಬೆ ಕತ್ತರಿಸಿ, ಕೌದಿಯ ಮೇಲೆ ಕೂರಿಸಿ, ಮನೆಗೊಂದು, ಚರ್ಚಿಗೊಂದು, ಮರಕ್ಕೊಂದು ಎಂದು ಬಣ್ಣ ಹಾಕುತ್ತಿದ್ದಳು. ಮಿಷನ್ ಶಾಲೆಯ ಬಿಳಿ ಮೇಡಂ ತನ್ನ ಟೋಪಿಯ ಕೃಪೆಯಿಂದ ಅಣಬೆಯಂತೆ ಕಾಣುತ್ತಿದ್ದಳು. ಹಾರ್ಮೋನಿಯಂ ನಮ್ಮನೆ ಫ್ರಿಜ್ಜಿನಂತಿತ್ತು. ಮುತ್ತಜ್ಜನ ಮೀಸೆ ಚರ್ಚಿಗಿಂತ ಅಗಲ.

"ಅಕ್ಕ, ಮೀಸೆ ಜಾಸ್ತಿ ಆಯ್ತೇನೋ" ಎಂದಿದ್ದೆ.

"ಪ್ರೀತಿ ಅದು, ಮೀಸೆ ಅಲ್ಲ. ಕಡಿಮೆ ಮಾಡಕ್ಕಾಗಲ್ಲ" ಎಂದಳು.

ಕಥೆ ಇಷ್ಟು. ಮುತ್ತಜ್ಜಿ ಮಿಷನ್‌ನ ಹುಡುಗಿಯರ ಹಾಸ್ಟೆಲಿನಲ್ಲಿ ಬೆಳೆದವಳು, ಸೂಜಿಯಲ್ಲಿ ಚತುರೆ. ಮುತ್ತಜ್ಜ ಹುಡುಗರ ಹಾಸ್ಟೆಲಿನವನು, ಭಾನುವಾರ ಆರಾಧನೆಗೆ ಹಾರ್ಮೋನಿಯಂ ನುಡಿಸುತ್ತಿದ್ದ. ಚರ್ಚಿನಲ್ಲಿ ಗಂಡಸರು ಆ ಕಡೆ, ಹೆಂಗಸರು ಈ ಕಡೆ, ನಡುವೆ ಅಣಬೆ ಮೇಡಂ. ಮಾತಿಗೆ ದಾರಿಯೇ ಇರಲಿಲ್ಲ. ಆದರೆ ಹುಡುಗರ ಹರಿದ ಬಟ್ಟೆಗಳು ಶನಿವಾರ ಶನಿವಾರ ರಿಪೇರಿಗೆಂದು ಹುಡುಗಿಯರ ಕಡೆಗೆ ಬರುತ್ತಿದ್ದವು. ಒಂದು ಅಂಗಿ ಮಾತ್ರ ಪ್ರತಿ ವಾರವೂ ಬರತೊಡಗಿತು. ಹರಿದದ್ದಲ್ಲ, ಕತ್ತರಿಸಿದ್ದು ಎಂದು ಅವಳಿಗೆ ಮೊದಲ ವಾರವೇ ಗೊತ್ತಾಯಿತು. ನೀಲಿ ದಾರದಲ್ಲಿ ಹೊಲಿದು ಕಳಿಸಿದಳು. ಮುಂದಿನ ವಾರ ನೀಲಿ ದಾರದ ಪಕ್ಕದಲ್ಲೇ ಇನ್ನೊಂದು ಹರಕು. ಕೆಂಪು ದಾರದಲ್ಲಿ ಹೊಲಿದಳು. ಮೂರನೇ ವಾರ ಅವಳಿಗೆ ರೇಗಿ, ಹರಕನ್ನೂ ಹೊಲಿದು, ಕುತ್ತಿಗೆಯನ್ನೂ ಎರಡು ತೋಳುಗಳನ್ನೂ ಸೇರಿಸಿ ಹೊಲಿದುಬಿಟ್ಟಳು. ಆ ಭಾನುವಾರ ಮೊದಲ ಗೀತೆಗೆ ಹಾರ್ಮೋನಿಯಂ ನುಡಿಯಲಿಲ್ಲ. ನುಡಿಸುವವನು ಅಂಗಿಯೊಳಗೆ ತಲೆ ಸಿಕ್ಕಿಸಿಕೊಂಡು ಹಾಸ್ಟೆಲಿನ ಕಂಬಕ್ಕೆ ಡಿಕ್ಕಿ ಹೊಡೆಯುತ್ತಿದ್ದ.

ಮದುವೆಯಾಗ್ತೀಯಾ ಎಂದು ಅವನು ಕೇಳಿ ಕಳಿಸಿದಾಗ ಅವಳು ಹೊಲಿಗೆ ಟೀಚರ್ ಆದ ಮೇಲೆ ಎಂದು ಹೇಳಿ ಕಳಿಸಿದಳಂತೆ. ಮದುವೆಯಾದವಳಿಗೆ ಆ ಶಾಲೆಯಲ್ಲಿ ಟೀಚರ್ ಕೆಲಸ ಇರಲಿಲ್ಲ. ಸರಿ, ಅವಳು ಟೀಚರಾದಳು, ಅವನು ಕಾದ. ಆರು ವರ್ಷವಾದ ಮೇಲೆ ಬೇರೆ ಮೇಡಂ ಬಂದು ನಿಯಮ ಸಡಿಲಿಸಿದಳು. ಅಲ್ಲಿಯವರೆಗೂ ಆತ ಅಂಗಿ ಹರಿಯುತ್ತಲೇ ಇದ್ದ. ಮದುವೆಯ ದಿನ ಆ ಅಂಗಿಯಲ್ಲಿ ಬಟ್ಟೆಗಿಂತ ದಾರವೇ ಹೆಚ್ಚಿತ್ತು ಎಂದು ಅವ್ವ ಹೇಳುತ್ತಿದ್ದರು. ಅದರ ಅಂಗೈಯಗಲದ ಒಂದು ಚೂರು ಉಳಿದಿತ್ತು. ಅದನ್ನೇ ಅಕ್ಕ ಕೌದಿಯ ನಟ್ಟನಡುವೆ ಕೂರಿಸಿದ್ದು.

ಅಕ್ಕನಿಗೂ ಟೀಚರ್ ಆಗಬೇಕಿತ್ತು. ಜಯನಗರದಲ್ಲಿ ಒಂದು ಕರಕುಶಲ ಸಭಾಂಗಣವಿದೆ. ಅಲ್ಲಿ ವರ್ಷಕ್ಕೊಮ್ಮೆ ಪ್ರದರ್ಶನ. ಕೌದಿ ಅಲ್ಲಿ ಗೋಡೆ ಏರಿದರೆ ಶನಿವಾರದ ಹೊಲಿಗೆ ತರಗತಿಯನ್ನು ಅಕ್ಕನಿಗೇ ಕೊಡುತ್ತೇವೆ ಎಂದು ಅದನ್ನು ನಡೆಸುವ ಮೇಡಂ ಫೋನಿನಲ್ಲಿ ಹೇಳಿದ್ದರು. ಫೋಟೋ ನೋಡಿ ಮೆಚ್ಚಿದ್ದರು, ಹೊಲಿಗೆಯನ್ನು ಕೈಯಲ್ಲಿ ಹಿಡಿದು ನೋಡಬೇಕು ಎಂದಿದ್ದರು. ಶುಕ್ರವಾರ ನಾಲ್ಕು ಗಂಟೆಯ ಒಳಗೆ ಬರಬೇಕು, ಆಮೇಲೆ ಬಾಗಿಲು ಮುಚ್ಚುತ್ತೆ. "ಇನ್ನೊಂದು ವಿಷಯ. ತಿನ್ನೋ ಪದಾರ್ಥ ಏನೂ ತಾಗಿರಬಾರದು. ಹುಳ ಬಂದ್ರೆ ಪಕ್ಕದ ರೇಷ್ಮೆನೆಲ್ಲ ತಿಂದುಬಿಡುತ್ತೆ" ಎಂದೂ ಎಚ್ಚರಿಸಿದ್ದರು.

ಅಕ್ಕ ಒಪ್ಪಿದಳು. ಅವ್ವ ಒಪ್ಪಲಿಲ್ಲ.

"ಉಪವಾಸ ಕಳಸ್ತಾರೇನ ಯಾರರ? ಪರಸ್ಥಳಕ್ಕ ಹೊಂಟೈತಿ ಅದು."

"ಅವ್ವಾ, ಅದನ್ನ ಯಾರೂ ಹೊದ್ಕೊಳ್ಳಂಗಿಲ್ಲ. ಗ್ವಾಡಿಗೆ ಹಾಕ್ತಾರ."

"ಗ್ವಾಡಿಗೆ ಹಾಕಿದ್ರ ಹಸಿವಾಗಂಗಿಲ್ಲೇನ?"

ಅಕ್ಕ ನನ್ನ ಕಡೆ ನೋಡಿದಳು. ನಾನು ಭೌತಶಾಸ್ತ್ರ ಓದಿದವಳು, ಗೋಡೆಯ ಕಡೆ ನೋಡಿದೆ.

ಶುಕ್ರವಾರ ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಅವ್ವ ಒಂದು ಮೂಲೆಯ ಹೊಲಿಗೆ ಬಿಚ್ಚಿ, ಒಂದು ತುತ್ತಲ್ಲ, ಇಡೀ ಶೇಂಗಾ ಹೋಳಿಗೆಯನ್ನೇ ಒಳಗಿಟ್ಟು, ಮತ್ತೆ ಹೊಲಿದಿದ್ದಾರೆ. ತುಪ್ಪ ಸವರಿದ ಹೋಳಿಗೆ. ನಮಗಿದು ಗೊತ್ತಿರಲಿಲ್ಲ. ನುಸಿಗುಳಿಗೆಯ ವಾಸನೆ ಹೋಗಲಿ ಎಂದು ಅಕ್ಕ ಕೌದಿಯನ್ನು ಒಯ್ದು ತಾರಸಿಯ ಮೋಟುಗೋಡೆಯ ಮೇಲೆ ಬಿಸಿಲಿಗೆ ಹಾಕಿದಳು, ಅರ್ಧ ಒಳಗೆ, ಅರ್ಧ ಹೊರಗೆ. ಹೋಳಿಗೆಯ ಮೂಲೆ ಹೊರಗಿನ ಅರ್ಧದಲ್ಲಿತ್ತು.

ಎರಡೂವರೆಗೆ ಆಟೋ ಬುಕ್ ಮಾಡಿ, ಕೌದಿ ತರಲು ನಾವಿಬ್ಬರೂ ತಾರಸಿಗೆ ಹತ್ತಿದೆವು. ಗೋಡೆಯ ಆಚೆ, ಕೆಳಗಿನ ಕಿಟಕಿಯ ಸಜ್ಜದ ಮೇಲೆ, ಒಂದು ಗಡವ ಕೋತಿ ಕೂತಿತ್ತು. ಕೌದಿಯ ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೂಸುತ್ತಿತ್ತು. ನಮ್ಮನ್ನು ನೋಡಿದ್ದೇ ಜಗ್ಗಿತು. ಕೋತಿಯ ಬಲ ಅಷ್ಟೇನೂ ಇರಲಿಕ್ಕಿಲ್ಲ. ಆದರೆ ಐದು ಪದರದ ಕೌದಿ ತನ್ನ ಭಾರಕ್ಕೆ ತಾನೇ ಜಾರತೊಡಗಿತು. ಅಕ್ಕ ಹಾರಿ ಹಿಡಿದಳು. ಹಿಡಿದವಳು ಮುಷ್ಟಿಗೆ ಸುತ್ತಿಕೊಂಡುಬಿಟ್ಟಳು. ಕೌದಿಯ ಜೊತೆ ಅವಳೂ ಜಾರಿದಳು.

ಆಗಲೇ ಆ ಅಂಗಾಲುಗಳು ಮೇಲೆದ್ದದ್ದು.

ನಾನು ಮೊದಲು ಹಿಡಿದದ್ದು ಅವಳ ಜಡೆ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಷ್ಟು ದೊಡ್ಡ ದೇಹವಿರುವಾಗ ಜಡೆಯನ್ನೇಕೆ ಹಿಡಿದೆ?

"ಜಡಿ ಬಿಡವಾ, ಜಡಿ!" ಎಂದು ಅಕ್ಕ ಗೋಡೆಯ ಆಚೆಯಿಂದ ಕಿರುಚಿದಳು.

"ನೀವು ಕೌದಿ ಬಿಡಿ ಅಕ್ಕ!"

"ಅದೊಂದ ಕೇಳಬ್ಯಾಡ!"

ಜಡೆ ಬಿಟ್ಟು ಸೊಂಟ ಹಿಡಿದೆ. ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಪಿಯುಸಿಯ ಪಾಠ ಓಡಿತು: ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ವಸ್ತು ಸ್ಥಿರ. ನಾನು ಕೂಡಲೇ ನೆಲಕ್ಕೆ ಕೂತುಬಿಟ್ಟೆ, ಅಕ್ಕನ ಸೀರೆಯ ನೆರಿಗೆ, ಒಳಲಂಗ, ಏನು ಸಿಕ್ಕಿತೋ ಅದನ್ನೆಲ್ಲ ತಬ್ಬಿಕೊಂಡು. ಒಂದು ಸೇಫ್ಟಿ ಪಿನ್ನು ನನ್ನ ಹೆಬ್ಬೆರಳಿಗೆ ಹೊಕ್ಕಿತು. ಬಿಡಲಿಲ್ಲ. ಕೆಳಗೆ ಯಾರದೋ ಮನೆಯ ಕುಕ್ಕರ್ ಕೂಗುತ್ತಿತ್ತು, ರಸ್ತೆಯಲ್ಲಿ ಆಟೋ ಬಂದು ಹಾರ್ನ್ ಮಾಡುತ್ತಿತ್ತು.

ಕೂಗು ಕೇಳಿ ಅವ್ವ ಲಟ್ಟಣಿಗೆ ಹಿಡಿದು ಹತ್ತಿ ಬಂದರು. ನನಗೆ ಹೋದ ಜೀವ ಬಂದಂತಾಯಿತು. ಅವರು ಕೋತಿಯನ್ನು ನೋಡಿದರು, ಮಗಳನ್ನು ನೋಡಿದರು, ಲಟ್ಟಣಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಸೆರಗು ತಲೆಗೆ ಹೊದ್ದು, ಕೈಮುಗಿದು ಕಣ್ಣು ಮುಚ್ಚಿದರು.

"ಕರ್ತನೇ, ಈ ಮಂಗ್ಯಾನೂ ನಿನ್ನ ಸೃಷ್ಟಿ. ಇದರ ಮನಸ್ಸ ತಿರುಗಸು. ಹಂಗ ನಮ್ಮ ಚರ್ಚಿನ ಸಭಾಪಾಲಕರ ಮೊಣಕಾಲ ನೋವು, ಓಣಿ ಕೊಳಾಯಿ ನೀರು..."

"ಅವ್ವಾ! ಪ್ರಾರ್ಥನಿ ಸಣ್ಣದ ಮಾಡ!"

ಅಷ್ಟರಲ್ಲಿ ಪರ್ರ್ ಎಂದು ಸದ್ದಾಯಿತು. ಅಕ್ಕ ಹಿಂದಕ್ಕೆ ಬಿದ್ದಳು, ನಾನು ಅವಳ ಅಡಿಗೆ ಬಿದ್ದೆ, ಕೌದಿ ನಮ್ಮಿಬ್ಬರ ಮೇಲೆ ಬಿತ್ತು. ಕೋತಿ ಗೋಡೆಯ ಮೇಲೆ ಹತ್ತಿ ಕೂತಿತು; ಅದರ ಕೈಯಲ್ಲಿ ಮೂಲೆಯ ಬಟ್ಟೆ ಉಳಿದಿತ್ತು. ಅದು ಬಟ್ಟೆಯನ್ನು ಬಿಸಾಡಿ, ಒಳಗಿನಿಂದ ಬಂದ ಹೋಳಿಗೆಯನ್ನು ಎರಡಾಗಿ ಮಡಚಿ, ನಮ್ಮನ್ನೇ ನೋಡುತ್ತ ತಿನ್ನತೊಡಗಿತು.

"ಆಮೆನ್" ಎಂದು ಅವ್ವ ಕಣ್ಣು ಬಿಟ್ಟರು. ಹೋಳಿಗೆ ಕಂಡದ್ದೇ ಲಟ್ಟಣಿಗೆಯನ್ನು ಸೆರಗಿನಿಂದ ಒರೆಸತೊಡಗಿದರು.

ಕನಕಪುರ ರಸ್ತೆಯಲ್ಲಿ ಆಟೋದೊಳಗೆ ಮೂವರೂ ಕೂತಿದ್ದೆವು, ಕೌದಿ ನಮ್ಮ ತೊಡೆಗಳ ಮೇಲೆ. ಮುತ್ತಜ್ಜನ ಅಂಗಿಯ ಚೂರಿಗೆ ಏನೂ ಆಗಿರಲಿಲ್ಲ. ಅಕ್ಕ ಅದನ್ನು ಹತ್ತು ಸಲ ಮುಟ್ಟಿ ನೋಡಿದಳು. ಮೂಲೆ ಮಾತ್ರ ಹೋಗಿತ್ತು. ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಗಾಡಿಗಳು ಕದಲದೆ ನಿಂತವು. ಆಗಲೇ ಮೂರೂಕಾಲು.

"ಆಟೋ ಬಾಗಿಲ ಕಂಬಿಗೆ ಸಿಕ್ಕಿ ಹರೀತು ಅಂತೀನಿ. ಹೋಳಿಗಿ ಸುದ್ದಿ ಬ್ಯಾಡ" ಎಂದಳು ಅಕ್ಕ.

"ಸುಳ್ಳ ಹೇಳಿ ಟೀಚರ್ ಆಗಾಕಿ ಏನ ನೀ?" ಎಂದರು ಅವ್ವ.

"ಹೋಳಿಗಿ ಇಟ್ಟಾಕಿ ನೀ!"

"ಇಟ್ಟೀನಿ. ಕೇಳಿದ್ರ ಹೇಳ್ತೀನಿ."

ಕೇಳುವವರೆಗೂ ಅವ್ವ ಕಾಯಲಿಲ್ಲ. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಸಭಾಂಗಣದ ಒಳಗೆ ಹೋದೆವು. ಮೇಡಂ ಕೌದಿಯನ್ನು ಮೇಜಿನ ಮೇಲೆ ಹರಡಿ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲೇ ಅವ್ವ ತುಪ್ಪದಿಂದ ಹಿಡಿದು ಆಮೆನ್‌ವರೆಗೂ ಎಲ್ಲವನ್ನೂ ಹೇಳಿಬಿಟ್ಟರು. ಅಕ್ಕನ ಮುಖ ಬಾಡಿತು. ಮೇಡಂ ಒಂದು ಫಾರ್ಮ್ ತೆಗೆದರು. ಹಾನಿಯ ಕಾರಣ: ಬೆಂಕಿ, ನೀರು, ಹುಳು, ಇತರೆ. ಕೆಳಗೆ ಪ್ರತ್ಯಕ್ಷದರ್ಶಿಯ ಹೇಳಿಕೆಗೆ ಮೂರು ಸಾಲು.

"ಯಾರು ನೋಡಿದ್ದು?" ಎಂದರು.

ನಾನು ಕೈಯೆತ್ತಿದೆ. ಇತರೆ ಎಂಬುದರ ಮುಂದೆ ಕೋತಿ ಎಂದು ಬರೆದೆ. ಮೂರು ಸಾಲು ತುಂಬಿತು, ಹಾಳೆಯ ಹಿಂಭಾಗ ತುಂಬಿತು, ಇನ್ನೊಂದು ಹಾಳೆ ಕೇಳಿದೆ. ಅಂಗಾಲು, ಚಪ್ಪಲಿ, ಜಡೆ, ಗುರುತ್ವ ಕೇಂದ್ರ ಎಲ್ಲವನ್ನೂ ಬರೆದು ಸಹಿ ಹಾಕಿದೆ. ಹೆಬ್ಬೆರಳಿನ ರಕ್ತವೂ ಅಲ್ಲಲ್ಲಿ ಹತ್ತಿದ್ದರಿಂದ ಅದು ಪೊಲೀಸ್ ದಾಖಲೆಯಂತೆ ಕಾಣುತ್ತಿತ್ತು.

ಮೇಡಂ ನಿಧಾನವಾಗಿ ಓದಿದರು.

"ಈ ಕಡೆಯಿಂದ ನೀವಿಬ್ರು ಎಳೆದ್ರಾ?"

"ಹೌದು ಮೇಡಂ. ನಾನು ಕೂತಿದ್ದೆ."

"ಆ ಕಡೆಯಿಂದ ಕೋತಿ."

"ದೊಡ್ಡದು ಮೇಡಂ."

ಅವರು ಹರಿದ ಮೂಲೆಯನ್ನು ಬೆಳಕಿಗೆ ಹಿಡಿದರು. ಉಗುರಿನಿಂದ ಒಂದೊಂದೇ ಹೊಲಿಗೆಯನ್ನು ಮೀಟಿ ನೋಡಿದರು. ಗಡಿಯಾರದಲ್ಲಿ ನಾಲ್ಕು ಕಳೆಯಿತು, ಯಾರೋ ಬಂದು ಬಾಗಿಲು ಹಾಕಿದರು. ಅಕ್ಕ ಮೇಜಿನ ಅಂಚನ್ನು ಹಿಡಿದು ನಿಂತಿದ್ದಳು; ಮತ್ತೆ ಸೊಂಟ ಹಿಡಿಯಬೇಕೇನೋ ಎಂದು ನಾನು ಹತ್ತಿರ ಸರಿದೆ.

"ಬಟ್ಟೆ ಐದು ಪದರವೂ ಹರಿದಿದೆ" ಎಂದರು ಮೇಡಂ. "ಇಲ್ಲಿ ಒಂದಿಷ್ಟು ಹೊಲಿಗೆ ಬಿಟ್ಟಿದೆ. ಆದ್ರೆ ಅದು ಬೇರೆ ಕೈ."

"ಅದು ನಂದು. ಅವಸರದಾಗ ಹಾಕಿದ್ದು" ಎಂದರು ಅವ್ವ.

"ಇವರು ಹಾಕಿರೋದು ಒಂದೂ ಬಿಟ್ಟಿಲ್ಲ. ದಾರದ ಹತ್ರ ಬಂದು ಹರಿಯೋದೇ ನಿಂತುಹೋಗಿದೆ." ಕನ್ನಡಕ ತೆಗೆದು ಅಕ್ಕನನ್ನು ನೋಡಿದರು. "ಮೂಲೆ ಈಗ ಮುಚ್ಚಬೇಡಿ. ಮೊದಲ ಕ್ಲಾಸಲ್ಲಿ ಹುಡುಗೀರ ಮುಂದೆ ಮುಚ್ಚಿ ತೋರಿಸಿ. ಆದ್ರೆ ಹೋಳಿಗೆ ಪುಡಿ ಇದೆಯಲ್ಲ, ಹುಳ ಆಗಬಾರ್ದು, ಗೋಡೆಗೆ ಹಾಕೋ ಮುಂಚೆ ಒಂದು ವಾರ ಡೀಪ್ ಫ್ರೀಜರಲ್ಲಿ ಇಡಬೇಕಾಗುತ್ತೆ."

ಅಕ್ಕ ಮೇಜಿನ ಅಂಚು ಬಿಟ್ಟು ಹರಿದ ಮೂಲೆಯನ್ನು ಹಿಡಿದುಕೊಂಡಳು. ಅವ್ವ ಮುಂದೆ ಬಂದರು.

"ಫ್ರೀಜರಿನಾಗ? ಕೌದಿಗೆ ಥಂಡಿ ಹತ್ತಿದ್ರ ಏನ ಹೊದಸ್ತೀರಿ?"

ಮೊದಲ ತರಗತಿಗೆ ಹದಿಮೂರು ಜನ ಬಂದಿದ್ದರು, ನಾನೂ ಸೇರಿ. ಕಿಟಕಿಯಿಂದ ದೂರ, ಗೋಡೆಗೆ ಒತ್ತಿ ಕೂತಿದ್ದೆ. ಮುಂದಿನ ಸಾಲಿನಲ್ಲಿ ಅವ್ವ, ಹೊಸ ನೋಟ್‌ಬುಕ್ ಹಿಡಿದು. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ಹಿಂದಿನಿಂದ ಕಾಲೇಜು ಹುಡುಗಿಯೊಬ್ಬಳು, "ಟೀಚರ್, ಒಂದು ಡೌಟು" ಎಂದಳು.

ಅಕ್ಕ ತಿರುಗಿ ಬಾಗಿಲ ಕಡೆ ನೋಡಿದಳು, ಯಾವ ಟೀಚರ್ ಬಂದರು ಎಂದು.

"ನಿನ್ನ ಕರಿಯಾಕತ್ತಾಳ, ಹೋಗ" ಎಂದರು ಅವ್ವ.