ಸಿಮೆಂಟ್ ಚೀಲದ ಕಾಗದದಲ್ಲಿ ಕ್ಯಾಟ್, ಬ್ಯಾಟ್

“ಕ್ಯಾಟ್, ಬ್ಯಾಟ್, ಮ್ಯಾಟ್, ಹ್ಯಾಟ್” ಎಂದು ಐದು ವರ್ಷದ ಹುಡುಗಿ ತಡವರಿಸದೆ ಹೇಳಿದಳು. ಒಂದನೇ ತರಗತಿಗೆ ಸೇರಬೇಕಾದರೆ ಹೀಗೆ ಪ್ರಾಸ ಕೂಡುವ ಇಂಗ್ಲಿಷ್ ಪದ ಹೇಳಬೇಕಿತ್ತು. ಗೋವಾದ ಸಾಂಕೋಲೆಯ ಆ ಶಾಲೆಯಲ್ಲಿ ನಾನು ಕ್ಲರ್ಕ್. ಕನ್ನಡದವರು ಬಂದರೆ ದುಭಾಷಿ.

ಮುಖ್ಯ ಶಿಕ್ಷಕಿ ಅವಳ ಅಪ್ಪನ ಕಡೆ ತಿರುಗಿ, ನೀವೂ ಹೇಳಿ ಎಂದರು. ವಿಜಾಪುರ ಕಡೆಯ ಆ ಗಾರೆ ಕೆಲಸದವನು ಎದ್ದು ನಿಂತು, ಸಿಮೆಂಟ್ ಚೀಲದ ಕಾಗದದಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡಿದ್ದ ಪದಗಳನ್ನು ಗಟ್ಟಿಯಾಗಿ ಓದಿದ. ಅವರು ನಕ್ಕರು. ನಾನೂ ನಕ್ಕೆ. “ಇಂಥ ಮನೆಯ ಮಕ್ಕಳು ನಮಗೆ ಬೇಡ, ಸೀಟಿಲ್ಲವೆಂದು ಹೇಳು” ಎಂದು ಅವರು ನನಗೆ ಇಂಗ್ಲಿಷಿನಲ್ಲಿ ಹೇಳಿದರು.

“ಸೀಟು ತುಂಬ್ಯಾವ್ರಿ” ಎಂದೆ.

ಆತ ಕಾಗದ ಮಡಚುತ್ತ ಕೇಳಿದ: “ಆಕಿ ಬರೋಬ್ಬರಿ ಹೇಳಿದ್ಲಲ್ರಿ, ಅಕ್ಕಾರ. ನಾನ ಎಲ್ಲೆರ ತಪ್ಪಿದ್ನೇನ್ರಿ?”

ನಾನು ಮುಂದಿನವರ ಹೆಸರು ಕೂಗಿದೆ.

ಅದೇ ಮಧ್ಯಾಹ್ನ, ಎಂಜಿನಿಯರರೊಬ್ಬರ ಮಗ ಒಂದು ಪದವನ್ನೂ ಹೇಳದೆ ಬರೀ ಅತ್ತ; ಅವನ ಹೆಸರನ್ನು ರಿಜಿಸ್ಟರಿನಲ್ಲಿ ಬರೆದವಳೂ ನಾನೇ. ‘ನೀವು ಎಲ್ಲೂ ತಪ್ಪಿಲ್ಲ’ ಎಂದು ಆತನಿಗೆ ಕನ್ನಡದಲ್ಲಿ ಹೇಳಿದ್ದರೆ, ಕನ್ನಡ ಬಾರದ ಮುಖ್ಯ ಶಿಕ್ಷಕಿಗೆ ತಿಳಿಯುತ್ತಲೂ ಇರಲಿಲ್ಲ.