ತಂಗಿಗೆ ಅಣ್ಣ ಇಟ್ಟ ಇಂಗ್ಲಿಷ್ ಹೆಸರು

ಒಣಗಿದ ಬ್ಯಾಡಗಿ ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿದರೆ ಒಳಗಿನ ಬೀಜ ಸಳಸಳ ಅನ್ನುತ್ತದೆ. ನನ್ನ ತಂಗಿ ತೊಟ್ಟು ಮುರಿಯುವ ಮೊದಲು ಹಾಗೆ ಅಲುಗಿಸಿ ಕೇಳುತ್ತಿದ್ದಳು. ಗಂಡ ಸತ್ತಮೇಲೆ ಬ್ಯಾಡಗಿಯಲ್ಲೇ ಇದ್ದು, ಆ ಕೂಲಿ ಕೆಲಸ ಮಾಡುತ್ತಲೇ ಮಗಳನ್ನು ಬೆಳೆಸಿದಳು.

ನಾನು ಕಾನ್ವೆಂಟಿನಲ್ಲಿ ಓದಿ ರಾಣೇಬೆನ್ನೂರಿನಲ್ಲಿ ಟೀಚರಾದವಳು. ಅವಳು ಶಾಲೆಗೆ ಹೋಗುವ ಹೊತ್ತಿಗೆ ಅಪ್ಪನ ಇಂಗ್ಲಿಷ್ ಹುಚ್ಚು ಇಳಿದಿತ್ತು. ಅಣ್ಣ ಹಾವೇರಿಯಲ್ಲಿ ವಕೀಲ. ಇಂಗ್ಲಿಷಿನ ಹಳೇ ದಸ್ತಾವೇಜುಗಳಲ್ಲಿ ವಿಧವೆಗೆ ‘ರೆಲಿಕ್ಟ್’ ಅಂತ ಬರೆಯುವುದನ್ನು ಎಲ್ಲೋ ಕಂಡವನಿಗೆ ಆಟಿಕೆ ಸಿಕ್ಕಂತಾಯಿತು. ತಂಗಿ ಅವನ ಮನೆಗೆ ಬಂದಾಗಲೆಲ್ಲ ಗೆಳೆಯರೆದುರು ಕೂಗುತ್ತಿದ್ದ:

“ಏ ರೆಲಿಕ್ಟ್, ಚಹಾ ತಗೊಂಡ ಬಾರವಾ!”

ಗೆಳೆಯರು ನಗುತ್ತಿದ್ದರು. ತಂಗಿಯೂ ನಗುತ್ತಿದ್ದಳು, ಅಣ್ಣ ಅಕ್ಕರೆಯಿಂದ ಇಟ್ಟ ಹೆಸರು ಅಂತ. ನಾನು ಗದರಿದರೆ, “ಜೋಕ್ ಐತಿ ಮಾರಾಯ್ತಿ, ನಿನಗ ಸೆನ್ಸ್ ಆಫ್ ಹ್ಯೂಮರ್ ಇಲ್ಲ” ಅನ್ನುತ್ತಿದ್ದ.

ಅವಳ ಮಗಳ ಮದುವೆ ಹಾವೇರಿಯಲ್ಲೇ ಆಯಿತು. ನಮ್ಮ ಕಡೆ ಮದುಮಗಳು ಗಂಡನ ಮನೆಗೆ ಹೊರಡುವಾಗ ತಾಯಿ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ರವಿಕೆ ಖಣ ಹಾಕಿ ಉಡಿ ತುಂಬುತ್ತಾಳೆ. ವಿಧವೆ ತುಂಬುವಂತಿಲ್ಲ. ಆದರೆ ತಂಗಿ ಹಸಿರು ಖಣ, ಕೊಬ್ಬರಿ ಬಟ್ಟಲು ಕೊಂಡು ತಂದಿದ್ದಳು.

“ಕಾಲ ಬದಲಾಗೇತಿ ಅಕ್ಕಾ. ನನ್ನ ಮಗಳ ಉಡಿ ನಾನ ತುಂಬತೇನಿ.”

ವೈನಿ, ಅಂದರೆ ಅಣ್ಣನ ಹೆಂಡತಿ, ಅವಳನ್ನು ಮೆಲ್ಲಗೆ ತೋಳು ಹಿಡಿದು ಕರೆದೊಯ್ದು ತೆಂಗಿನಕಾಯಿ, ಏಲಕ್ಕಿ ಹಾರ ಇಟ್ಟಿದ್ದ ಕೋಣೆಯಲ್ಲಿ ಕೂರಿಸಿದಳು. “ಇಲ್ಲೇ ಕುಂದ್ರವಾ. ಬೀಗರು ಹಳೇ ಮಂದಿ. ವಿಡಿಯೋದಾಗ ನೀ ಬಂದ್ರ ಚಲೋ ಕಾಣೂದಿಲ್ಲ.”

ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ಮದುವೆಯಾಗದೆ ಮುದುಕಿಯಾದ ನಾನು ಶಾಸ್ತ್ರಕ್ಕೆ ಹೇಗೂ ಬೇಡವಾದವಳು. ಅಷ್ಟರಲ್ಲಿ ಯಾರೋ ವಕೀಲರ ಹೆಂಡತಿ ಬಾಗಿಲಲ್ಲಿ ಇಣುಕಿ, “ಇವ್ರೇನ್ರಿ ಆ ರೆಲಿಕ್ಟ್?” ಅಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕು ಹೋದಳು.

“ಅಕ್ಕಾ, ಖರೇ ಹೇಳು. ಹಂಗಂದ್ರ ಏನ?”

ಹೇಳಿದೆ. ಮೂಲ ಲ್ಯಾಟಿನ್, ಬಿಟ್ಟುಹೋದದ್ದು ಅಂತ ಅರ್ಥ. ಒಂದು ಕಾಲಕ್ಕೆ ಸಂತರು ಸತ್ತಮೇಲೆ ಉಳಿದ ಎಲುಬು, ಬಟ್ಟೆಗಳಿಗೂ ಇದೇ ಪದ ಬಳಸುತ್ತಿದ್ದರು. ಜನ ಅವಕ್ಕೆ ಮುತ್ತಿಡುತ್ತಿದ್ದರು. ಗಂಡ ಸತ್ತು ಬಿಟ್ಟುಹೋದ ಹೆಂಗಸಿಗೂ ಅದೇ ಪದ, ಗೋರಿಕಲ್ಲಿನ ಮೇಲೆ, ಕಾಗದಪತ್ರಗಳಲ್ಲಿ. ಈಗ ಸೈನ್ಸಿನವರು ಅದನ್ನು ಎತ್ತಿಕೊಂಡಿದ್ದಾರೆ. ತನ್ನ ಕಾಲದವೆಲ್ಲ ಅಳಿದುಹೋಗಿ ಒಂದು ಮೂಲೆಯಲ್ಲಿ ಉಳಿದ ಗಿಡಕ್ಕೆ ಹಾಗನ್ನುತ್ತಾರೆ. ಕ್ಲಾಸಿನಲ್ಲಿ ಪಾಠ ಹೇಳಿದ ಹಾಗೆ ಹೇಳಿಬಿಟ್ಟೆ.

ತಂಗಿ ಕೈಯಲ್ಲಿನ ಖಣದ ಮಡಿಕೆ ಸರಿಮಾಡಿದಳು. “ಎಲುಬಿಗಾದ್ರೂ ಮುತ್ತ ಕೊಡತಿದ್ರಲ್ಲಾ” ಅಂದಳು.

ಹೊರಗೆ ಉಡಿ ತುಂಬಲು ಕರೆದರು. ಅವಳು ಎದ್ದಳು. ತಡೆಯುವವರು ತಡೆಯುವ ಮೊದಲೇ ಮದುವೆ ಹಾಲ್‌ನ ನಡುವೆ ಹೋಗಿ, ಬೊಗಸೆಯಲ್ಲಿ ಅಕ್ಕಿ ಹಿಡಿದು ಮಗಳ ಮುಂದೆ ಬಾಗಿದಳು. ಸೆರಗು ಒಡ್ಡಿ ಕುಳಿತಿದ್ದ ಮಗಳು ತಾಯಿಯ ಮುಖ ನೋಡಿದಳು, ಬೀಗರ ಸಾಲಿನಲ್ಲಿದ್ದ ಅತ್ತೆಯ ಮುಖ ನೋಡಿದಳು. ಸೆರಗು ಮಡಚಿಕೊಂಡಳು.

“ಬ್ಯಾಡ ಅವ್ವಾ. ಇವತ್ತೊಂದ ದಿನ ಸುಮ್ನಿರು.”

ಬೊಗಸೆಯ ಅರ್ಧ ಅಕ್ಕಿ ಜಮಖಾನೆಯ ಮೇಲೆ ಬಿತ್ತು. “ಅಮ್ಮಾರ, ಸ್ವಲ್ಪ ಸೈಡ್ ಆಗ್ರಿ” ಅಂದ ವಿಡಿಯೋದವ. ಅಣ್ಣ ಬೀಗರ ಕಡೆ ತಿರುಗಿ ನಕ್ಕ. “ತಪ್ಪ ತಿಳ್ಕೋಬ್ಯಾಡ್ರಿ. ಆಕಿ ತಲಿ ಸ್ವಲ್ಪ ಸರಿ ಇಲ್ಲ.” ವೈನಿ ಬಂದು ಹೊಸ ಅಕ್ಕಿ ತೆಗೆದುಕೊಂಡು ಉಡಿ ತುಂಬಿದಳು. ಫೋಟೋದಲ್ಲಿ ಬಹಳ ಚಂದ ಬಂದಿದೆ.

ತಂಗಿ ಊಟಕ್ಕೆ ನಿಲ್ಲಲಿಲ್ಲ. ನಾನು ಬಸ್‌ಸ್ಟ್ಯಾಂಡಿಗೆ ಓಡಿದಾಗ ಬ್ಯಾಡಗಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದಳು. ಆಮೇಲೆ ನಮಗ್ಯಾರಿಗೂ ಅವಳು ಬಾಗಿಲು ತೆರೆಯಲಿಲ್ಲ. ಅವಳು ತೀರಿಕೊಂಡ ಸುದ್ದಿ ಬಂದು ನಾನು ರಾಣೇಬೆನ್ನೂರಿನಿಂದ ಹೊರಟು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಗಾಗಿ ನಾನು ಅವಳನ್ನು ಕಡೆಯದಾಗಿ ಕಂಡದ್ದು ಆ ಕಿಟಕಿಯಲ್ಲಿ. ಆ ಹಸಿರು ಖಣ, ಕೊಬ್ಬರಿ ಬಟ್ಟಲು, ಉಳಿದ ಹಿಡಿ ಅಕ್ಕಿ, ಎಲ್ಲ ತನ್ನ ಸೆರಗಿಗೆ ತಾನೇ ಹಾಕಿಕೊಂಡು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು. ಬಸ್ಸು ಹೊರಟಿತು. ನಾನು ಕೈ ಬೀಸಿದೆ. ಅವಳು ಉಡಿಯಿಂದ ಕೈ ತೆಗೆಯಲಿಲ್ಲ.