ನಾನು ಮೆತ್ತಿದ ಬಿರುಕು

ಶಾಹೀನ್, ಆ ವಿಮಾನ ನಿನ್ನ ಕೈಯಿಂದ ಬಿದ್ದು ಮುರಿದದ್ದಲ್ಲ. ಅದು ನಿಮ್ಮ ಮನೆಗೆ ಬರುವ ಮೊದಲೇ ಬಿರುಕು ಬಿಟ್ಟಿತ್ತು. ಅದು ಗೊತ್ತಿದ್ದೇ ನಾನು ಅದನ್ನು ನಿನ್ನ ಅಬ್ಬಾನ ಕೈಗೆ ಕೊಟ್ಟೆ. ಆಮೇಲೆ ಅವನು ಕೇಳಿದಾಗ — ನೀನೂ ಅಲ್ಲೇ ನಿಂತಿದ್ದೆ — ಸುಳ್ಳು ಹೇಳಿದೆ. ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತೇ ಎಂದು ನೀನು ಕೇಳಬಹುದು. ಬೇಕಾಗಿರಲಿಲ್ಲ. ಅವತ್ತೇ ಒಂದು ನಿಮಿಷ ಸಾಕಿತ್ತು.

ನನ್ನ ಹುಚ್ಚು ನಿನಗೆ ಗೊತ್ತೇ ಇದೆ. ದುರ್ಗದಬೈಲಿನ ನನ್ನ ಬಣ್ಣದ ಅಂಗಡಿಯ ಅಟ್ಟದಲ್ಲಿ ಗಾಜಿನ ಕಪಾಟು, ಅದರ ತುಂಬ ಹಳೆಯ ಯುದ್ಧವಿಮಾನಗಳ ಸಣ್ಣ ಮಾದರಿಗಳು. ಪ್ಲಾಸ್ಟಿಕ್ಕಿನ ಆಟಿಕೆಗಳಲ್ಲ, ಲೋಹದ ಎರಕದವು. ರೆಕ್ಕೆಯಿಂದ ರೆಕ್ಕೆಗೆ ಒಂದು ಗೇಣು, ಎತ್ತಲು ಎರಡೂ ಕೈ ಬೇಕು. ಹೆಂಡತಿ ಕಸಬರಿಗೆ ಹಿಡಿದು ಆ ಕಡೆ ಬಂದರೂ ನಾನು ಸಿಡುಕುತ್ತಿದ್ದೆ. ಮುಟ್ಟುವ ಅಧಿಕಾರ ಇದ್ದದ್ದು ಒಬ್ಬನಿಗೇ, ನಿನ್ನ ಅಬ್ಬಾ ದಸ್ತಗೀರನಿಗೆ. ಗೋಕುಲ ರಸ್ತೆಯಲ್ಲಿ ಲಾರಿ, ಬಸ್ಸುಗಳ ಸೀಟು ಹೊಲಿಯುತ್ತಿದ್ದ ಆ ಒರಟು ಕೈಗಳಿಂದಲೇ ನನ್ನ ಹದಿನೇಳು ವಿಮಾನಗಳಿಗೂ ಮಖಮಲ್ಲಿನ ಮುಸುಕು ಹೊಲಿದುಕೊಟ್ಟಿದ್ದ. ಒಂದೊಂದಕ್ಕೂ ಅದರದೇ ಅಳತೆ.

ಅವನಿಗೆ ಬೇಕಿದ್ದದ್ದು ಒಂದೇ ವಿಮಾನ. ಅವನ ತಂದೆ, ಅಂದರೆ ನಿನ್ನ ದಾದಾ, ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯ ಕಡೆ ಸ್ಪಿಟ್‌ಫೈರ್ ವಿಮಾನಗಳಿಗೆ ಫಿಟ್ಟರ್ ಆಗಿದ್ದರಂತೆ. “ನಮ್ಮಪ್ಪ ಬಿಸಲಾಗ ಅದರ ರೆಕ್ಕಿ ಬುಡಕ್ಕ ಕುಂತ ಬುತ್ತಿ ಉಣ್ತಿದ್ದನಂತೋ ಮಲ್ಲೂ” ಎಂದು ಅವನು ಎಷ್ಟು ಸಲ ಹೇಳಿದ್ದಾನೋ! ಹೇಳುವಾಗೆಲ್ಲ ರೆಕ್ಕೆಯ ಬುಡ ಯಾವುದೆಂದು ಬೆರಳಿಟ್ಟು ತೋರಿಸುತ್ತಿದ್ದ.

ಸ್ಪಿಟ್‌ಫೈರ್ ಹುಡುಕಿ ತರಿಸಿದವನು ನಾನೇ. ಮಾರುವವನ ಹತ್ತಿರ ಉಳಿದಿದ್ದ ಕೊನೆಯ ಎರಡು, ಒಂದು ನನಗೆ, ಒಂದು ಅವನಿಗೆ. ಪಾರ್ಸೆಲ್ ಬಂದ ದಿನ ಅವನಿಗೆ ಹೇಳಿ ಕಳಿಸದೆ ಒಬ್ಬನೇ ಬಿಚ್ಚಿದೆ. ತಪ್ಪು ಅಲ್ಲಿಂದಲೇ ಶುರುವಾಯಿತು. ಒಂದು ಚೊಕ್ಕವಾಗಿತ್ತು. ಇನ್ನೊಂದರ ರೆಕ್ಕೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ಪಕ್ಕದಲ್ಲಿ ಬಣ್ಣ ಸಣ್ಣಗೆ ಉಬ್ಬಿತ್ತು. ಬೇರೆಯವರಾದರೆ ಗೀರು ಎಂದುಕೊಳ್ಳುತ್ತಿದ್ದರು. ಸಂಗ್ರಹ ಮಾಡುವವರಿಗೆ ಅದು ಏನೆಂದು ಗೊತ್ತು. ಎರಕದ ಲೋಹ ಕಲಬೆರಕೆಯಾದರೆ ಒಳಗಿಂದಲೇ ಹಾಳಾಗುತ್ತದೆ. ಮದ್ದಿಲ್ಲ. ಐದು ವರ್ಷವೋ ಆರು ವರ್ಷವೋ — ಯಾರೂ ಮುಟ್ಟದಿದ್ದರೂ ತಾನಾಗಿ ಮುರಿದು ಬೀಳುತ್ತದೆ.

ವಾಪಸು ಕಳಿಸಬಹುದಿತ್ತು. ನಾನೇ ಇಟ್ಟುಕೊಳ್ಳಬಹುದಿತ್ತು — ಹದಿನೇಳು ಇದ್ದವಲ್ಲ ನನ್ನ ಹತ್ತಿರ! ಆದರೆ ಕುಂದಿಲ್ಲದ ಆ ಸಾಲಿನಲ್ಲಿ ಒಂದು ಒಡಕು... ಆಗಲಿಲ್ಲ ನನ್ನಿಂದ. ಗಾಡಿಗಳ ಗೀರಿಗೆ ಹಚ್ಚುವ ಪುಟ್ಟಿಯನ್ನು ಕಡ್ಡಿಯ ತುದಿಯಲ್ಲಿ ತೆಗೆದು ಬಿರುಕಿಗೆ ಮೆತ್ತಿದೆ, ಉಜ್ಜಿದೆ, ಬಣ್ಣ ಕಲೆಸಿ ಹಚ್ಚಿದೆ. ನಲವತ್ತು ವರ್ಷ ಬಣ್ಣ ಮಾರಿದವನು ನಾನು, ಕೆಲಸ ಅಚ್ಚುಕಟ್ಟಾಗೇ ಆಯಿತು. ನಾಚಿಕೆ ಎಂದರೆ, ಮುಗಿಸಿದ ಮೇಲೆ ಕನ್ನಡಕ ಒರೆಸಿಕೊಂಡು ನೋಡಿ ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ದಸ್ತಗೀರ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ. ಕಣ್ಣಲ್ಲಿ ನೀರಿತ್ತು. “ನನ್ನ ಪಾಲಿಗೆ ಇದೊಂದ ಸಾಕೋ” ಅಂದ.

ಅದಾಗಿ ಆರನೇ ವರ್ಷ ನೀನು ನವನಗರದ ತವರುಮನೆಗೆ ಬಂದೆ. ನಾಲ್ಕು ದಿನದ ಕೂಸನ್ನು ಕಳೆದುಕೊಂಡಿದ್ದೆ, ಗಂಡನ ಮನೆಯವರು ತಪ್ಪನ್ನೆಲ್ಲ ನಿನ್ನ ತಲೆಗೇ ಕಟ್ಟಿದ್ದರು. ದಸ್ತಗೀರ ನಿನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ, ಅದನ್ನು ನಾನು ಕಂಡಿದ್ದೇನೆ. ಏನಾದರೂ ಕೆಲಸ ಇರಲಿ ಎಂದು ಆ ವಿಮಾನದ ಧೂಳು ಹೊಡೆಯುವುದನ್ನು ನಿನಗೆ ಒಪ್ಪಿಸಿದ. ಪ್ರತಿ ಶುಕ್ರವಾರ ಮೆತ್ತನೆಯ ಬ್ರಶ್ ಹಿಡಿದು ನೀನು ಅದರ ಮುಂದೆ ಕೂಡುತ್ತಿದ್ದೆ. “ಬ್ರಶ್ ಹಿಡದಾಗ ಅಕಿ ಮಾರಿ ಒಂಚೂರು ಹಗರ ಆಗ್ತೈತಿ ನೋಡು” ಎಂದು ನನ್ನ ಹತ್ತಿರ ಹೇಳಿದ್ದ.

ಆ ಶುಕ್ರವಾರ ದಸ್ತಗೀರನ ಫೋನು ಬಂತು. ನಾನು ಬರುವಷ್ಟರಲ್ಲಿ ವಿಮಾನ ಮೇಜಿನ ಮೇಲಿತ್ತು, ರೆಕ್ಕೆ ಪಕ್ಕದಲ್ಲಿ ಬೇರೆ ಬಿದ್ದಿತ್ತು. “ನಾ ಬೀಳಿಸಿಲ್ಲ ಅಬ್ಬಾ, ಬರೇ ಬ್ರಶ್ ಆಡಿಸೀನಿ” ಎಂದು ನೀನು ಮತ್ತೆ ಮತ್ತೆ ಹೇಳುತ್ತಿದ್ದೆ. ದಸ್ತಗೀರ ರೆಕ್ಕೆಯನ್ನು ನನ್ನ ಕೈಗಿಟ್ಟು ಕೇಳಿದ: “ನೀ ತಿಳದಾಂವ, ನೋಡಿ ಹೇಳು. ತಾನ ಮುರದೈತೋ, ಅಕಿ ಬೀಳಿಸ್ಯಾಳೋ?”

ಮುರಿದ ಅಂಚಿನಲ್ಲಿ ನನ್ನ ಪುಟ್ಟಿ ಬೆಳ್ಳಗೆ ಕಾಣುತ್ತಿತ್ತು. ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ. “ಬಿದ್ದಂಗ ಕಾಣ್ತೈತಿ” ಅಂದೆ.

ಅಷ್ಟೇ. ಎರಡೇ ಮಾತು. ಅವನು ನಿನ್ನ ಕಡೆ ತಿರುಗಿದ.

“ನಿನ್ನ ಕೈಯಾಗ ಯಾವುದು ಉಳದೈತಿ ಹೇಳು?”

ಅದನ್ನು ಇಲ್ಲಿ ಬರೆಯಬಾರದಿತ್ತೇನೋ... ಆದರೆ ಆ ಮಾತನ್ನು ಅವನ ಬಾಯಿಗೆ ತಂದಿಟ್ಟವನು ನಾನು ಎಂದು ನಿನಗೆ ಗೊತ್ತಾಗಬೇಕು. ಆಡಿದ ಕೂಡಲೇ ಅವನ ಮುಖ ಬಿಳಿಚಿಕೊಂಡಿತು. ನೀನು ಅಳಲಿಲ್ಲ. ಬ್ರಶ್ ಮೇಜಿನ ಮೇಲಿಟ್ಟು ಒಳಗೆ ಹೋದೆ. ಸಂಜೆಯೊಳಗೆ ಧಾರವಾಡದ ನಿನ್ನ ಗೆಳತಿಯ ಕೋಣೆಗೆ ಹೊರಟೇಹೋದೆ. ಅಲ್ಲೇ ಸಾಲೆಯಲ್ಲಿ ಕೆಲಸ ಹಿಡಿದೆ, ಅವನು ಇರುವವರೆಗೂ ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಒಂದು ಸಲ ಅವನು ನನ್ನನ್ನೂ ಕರೆದುಕೊಂಡು ನಿನ್ನ ಸಾಲೆಯ ಗೇಟಿನವರೆಗೂ ಬಂದಿದ್ದ. ನಿನಗೆ ಗೊತ್ತಿರಲಿಕ್ಕಿಲ್ಲ. “ಯಾವ ಮಾರಿ ಹೊತ್ಕೊಂಡ ಹೋಗ್ಲೋ ಮಲ್ಲೂ” ಎಂದು ಅಲ್ಲಿಂದಲೇ ಮರಳಿ ಬಸ್ ಹತ್ತಿದ. ಕೊನೆಯ ವಾರ ಆಸ್ಪತ್ರೆಯಲ್ಲಿ ನನ್ನ ಮಣಿಕಟ್ಟು ಹಿಡಿದು ಮತ್ತೆ ಕೇಳಿದ: “ಅಕಿ ಬೀಳಿಸಿದ್ದು ಖರೇ ಹೌದಲ್ಲ?” ಸಿಟ್ಟಿಗೆ ಒಂದಾದರೂ ಕಾರಣ ಇತ್ತು ಎಂದು ನಂಬಿಕೊಳ್ಳಬೇಕಾಗಿತ್ತು ಅವನಿಗೆ. ಹೌದು ಅಂದೆ. ಅವನ ಸಮಾಧಾನಕ್ಕೆ ಹೇಳಿದೆ ಎಂದು ಆಗ ಅಂದುಕೊಂಡೆ. ಥೂ — ಅದೂ ಸುಳ್ಳೇ. ಸಮಾಧಾನ ಬೇಕಿದ್ದದ್ದು ನನಗೆ. ನೀನು ಬರುವಷ್ಟರಲ್ಲಿ ಮಣ್ಣಿಗೆ ಒಯ್ದಾಗಿತ್ತು.

ಇಷ್ಟಾದರೂ ಬಾಯಿ ಬಿಡುತ್ತಿರಲಿಲ್ಲವೋ ಏನೋ. ಮೂರು ವಾರದ ಹಿಂದೆ ನೀನು ಬಿಸ್ಕತ್ತಿನ ಡಬ್ಬಿ ಹಿಡಿದು ಅಂಗಡಿಗೆ ಬಂದೆ. ಒಳಗೆ ಆ ವಿಮಾನ. “ಜೋಡಿಸಿಕೊಡ್ರಿ ಕಾಕಾ. ಅಬ್ಬಾನ ನೆನಪಿಗೆ ಇಟ್ಕೋತೇನಿ” ಅಂದೆ. ಆಮೇಲೆ ಕೌಂಟರಿನ ಮೇಲೆ ಕಣ್ಣಿಟ್ಟು ಹೇಳಿದೆ: “ನಾನ ಬೀಳಿಸಿರ್ಬೇಕ್ರಿ. ಆವಾಗ ನನ್ನ ಕೈ ಭಾಳ ನಡಗತಿದ್ದವು.”

ಅದನ್ನು ಕೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ಬೀಳಿಸಿಲ್ಲ ಎಂದು ಗಟ್ಟಿಯಾಗಿ ನಿಂತಿದ್ದ ಹುಡುಗಿ ನೀನು. ಒಂಟಿ ಕೋಣೆಯಲ್ಲಿ ಐದು ವರ್ಷ ಯೋಚಿಸಿ ಯೋಚಿಸಿ ನನ್ನ ಸುಳ್ಳನ್ನೇ ನಿಜ ಮಾಡಿಕೊಂಡಿದ್ದೀಯ. ವಿಮಾನದ ಜೊತೆ ಇನ್ನೂ ಏನೇನು ನಿನ್ನ ಕೈಯಿಂದಲೇ ಹೋಯಿತು ಎಂದು ಒಪ್ಪಿಕೊಂಡಿದ್ದೀಯೋ — ಕೇಳುವ ಧೈರ್ಯ ನನಗಿಲ್ಲ.

ಜೋಡಿಸಲು ಕೂತೆ. ತಂತಿ ಹಾಕಲು ಸಣ್ಣ ತೂತು ಕೊರೆದರೆ ಲೋಹ ಒಣ ರೊಟ್ಟಿಯ ಹಾಗೆ ಪುಡಿಯಾಯಿತು. ನನ್ನ ಕಪಾಟಿನ ಸ್ಪಿಟ್‌ಫೈರ್ ಇಂದಿಗೂ ಚೊಕ್ಕವಾಗಿದೆ, ಮೇಲೆ ದಸ್ತಗೀರ ಹೊಲಿದ ಮುಸುಕು ಇದೆ. ಅದನ್ನೇ ಡಬ್ಬಿಯಲ್ಲಿಟ್ಟು ‘ಕೂಡಿಸಿದೆ ನೋಡವ್ವ’ ಎಂದು ಕೊಟ್ಟುಬಿಡುವ ಯೋಚನೆಯೂ ಬಂತು. ಎರಡು ದಿನ ಅದನ್ನೇ ಯೋಚಿಸಿದೆ. ಇದೂ ನಿನಗೆ ಗೊತ್ತಿರಲಿ, ನಾನು ಇಂಥವನು.

ರವಿವಾರ ಧಾರವಾಡಕ್ಕೆ ಬರುತ್ತೇನೆ, ಈ ಕಾಗದ ಮತ್ತು ಆ ಪುಡಿಯ ಡಬ್ಬಿ ತಂದು ನಿನ್ನ ಕೈಗೆ ಕೊಡುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕ್ಷಮಿಸಬೇಕಾದ ಇನ್ನೊಬ್ಬ ಈಗಿಲ್ಲ. ಅವನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಲ್ಲವನು ಅವನೊಬ್ಬನೇ ಆಗಿದ್ದ, ಅದಕ್ಕೂ ನಾನೇ ಅಡ್ಡ ನಿಂತೆ. ನಿನ್ನೆ ಖಬರಸ್ತಾನಕ್ಕೆ ಹೋಗಿದ್ದೆ. ಅವನು ಎರಡು ಸಲ ಕೇಳಿದ್ದ ಪ್ರಶ್ನೆಗೆ, ಕೇಳಲು ಯಾರೂ ಇಲ್ಲದ ಕಡೆ, ಬಾಯಿ ಬಿಟ್ಟು ಉತ್ತರ ಹೇಳಿ ಬಂದೆ:

“ಇಲ್ಲೋ ದಸ್ತಗೀರ. ಅಕಿ ಬೀಳಿಸಿಲ್ಲ.”